ಎಡಗಡೆಯ ಕಹಿ

ನಾನು ಒಂದು ನರ. ತಲೆಬುರುಡೆಯೊಳಗಿಂದ ಹೊರಡುವ ಹನ್ನೆರಡು ಜೋಡಿಗಳಲ್ಲಿ ಒಂಬತ್ತನೆಯದು ನಮ್ಮದು. ಅದರಲ್ಲಿ ಎಡಗಡೆಯವನು ನಾನು. ನನ್ನ ಯಜಮಾನರು ತಾಯಿಯ ಹೊಟ್ಟೆಯಲ್ಲಿ ಬೆರಳುದ್ದವೂ ಇಲ್ಲದಾಗಲೇ ಹುಟ್ಟಿ, ಬುರುಡೆಯ ತೂತಿನಲ್ಲಿ ನುಸುಳಿ, ಗಂಟಲಿಗೂ ನಾಲಗೆಯ ಹಿಂಭಾಗಕ್ಕೂ ಬಂದು ನೆಲೆಸಿದೆ. ನನ್ನ ಜೊತೆ ಅದೇ ತೂತಿನಲ್ಲಿ ಇಳಿದ ಹತ್ತನೆಯವನು ಹೊಟ್ಟೆಯವರೆಗೂ ಅಲೆಯುತ್ತಾನೆ. ನನಗೆ ಅಷ್ಟು ಧೈರ್ಯವಿಲ್ಲ. ನುಂಗಿದ್ದು ಸರಿಯಾಗಿ ಇಳಿಯಿತೇ, ಎಲ್ಲಾದರೂ ಸಿಕ್ಕಿಕೊಂಡಿತೇ, ಕಹಿಯಿತ್ತೇ? ಇದೇ ನನ್ನ ಚಿಂತೆ.

ಯಜಮಾನರ ಹೆಸರು ಮರಿಸ್ವಾಮಪ್ಪ. ನಂಜನಗೂಡಿನ ಕಡೆ ಮದುವೆ ಅಡುಗೆಯವರು. ಕೋಸಂಬರಿಗೆ ಹೆಚ್ಚುವ ಮುನ್ನ ಪ್ರತಿ ಸೌತೆಕಾಯಿಯ ತುದಿ ಕತ್ತರಿಸಿ, ಆ ತುಂಡಿನಿಂದಲೇ ತಿಕ್ಕಿ ನೊರೆ ತೆಗೆಯುತ್ತಿದ್ದರು. ಕಹಿಯೆಲ್ಲ ನೊರೆಯಲ್ಲಿ ಹೋಯಿತೆಂದು ಜನ ನಂಬುತ್ತಿದ್ದರು. ಯಜಮಾನರು ನಂಬಿದ್ದು ನನ್ನನ್ನು. ಒಂದು ಚೂರನ್ನು ಎಡ ದವಡೆಯಲ್ಲಿ ಅಗಿದು, ಹಿಂದಕ್ಕೆ ತಳ್ಳಿ, ಕಣ್ಣು ಮುಚ್ಚುತ್ತಿದ್ದರು. ನಾನು ಬೇಡವೆಂದರೆ ಕಾಯಿ ಹೊರಗೆ. ನಲವತ್ತು ವರ್ಷ ಹೀಗೆ ನಡೆಯಿತು. ಒಂದೆರಡು ಸಲ ತಪ್ಪಿರಬಹುದೇ ಎಂಬ ಅನುಮಾನ ನನಗೆ ಈಗಲೂ ಇದೆ.

ಆಮೇಲೆ ನನ್ನ ಬುಡದಲ್ಲಿ ಒಂದು ರಕ್ತನಾಳ ಬಾಗಿ ಬಂದು ತಾಗತೊಡಗಿತು. ಗುಂಡಿಗೆ ಬಡಿದಾಗಲೆಲ್ಲ ಅದು ನನ್ನನ್ನು ಬಡಿಯಿತು. ಅವರು ಒಂದು ಗುಟುಕು ನೀರು ನುಂಗಿದರೂ ಕಿರುಚಿಬಿಡುತ್ತಿದ್ದೆ. ಗಂಟಲಿನಿಂದ ಕಿವಿಯವರೆಗೆ ಮಿಂಚು ಹೊಡೆದಂತಾಗುತ್ತಿತ್ತು.

"ಹಲ್ಲೇ ಕಣಮ್ಮಿ ಇದು, ಲವಂಗ ತತ್ತಾ," ಎಂದರು ಹೆಂಡತಿ ಪುಟ್ಟಗೌರಮ್ಮನಿಗೆ.

ಲವಂಗದಿಂದ ಆಗಲಿಲ್ಲ. ದವಡೆಹಲ್ಲು ಕೀಳಿಸಿದರು. ತಿಂಗಳು ಬಿಟ್ಟು ಪಕ್ಕದ್ದನ್ನೂ ಕೀಳಿಸಿದರು. ಗಟ್ಟಿಯಾಗಿದ್ದ ಎರಡು ಹಲ್ಲು ನನ್ನಿಂದಾಗಿ ಹೋದವು. ಕೊನೆಗೆ ಎಂಜಲು ನುಂಗಲೂ ಹೆದರಿ, ಉಗಿಯಲು ಲೋಟ ಹಿಡಿದು ಕೂತರು.

"ಊರೋರ್ ಸಾರ್‌ಗೆಲ್ಲ ಹೆಸರಿಡ್ತಿದ್ದ ಬಾಯಿ, ಈಗ ನೋಡಿ," ಎಂದು ರೇಗಿಸುತ್ತಲೇ ಪುಟ್ಟಗೌರಮ್ಮ ಗಂಡನನ್ನು ಮೈಸೂರಿಗೆ ಕರೆದೊಯ್ದರು.

ತಿಂಗಳುಗಟ್ಟಲೆ ಮಾತ್ರೆ ಕೊಟ್ಟು ನೋಡಿದ ಡಾಕ್ಟರಮ್ಮ ಹೇಳಿದರು: "ಹಲ್ಲಲ್ಲ ಯಜಮಾನ್ರೇ, ನಾಲಿಗೆ ಹಿಂದಿನ ನರ. ಕತ್ತರಿಸಿದ್ರೆ ನೋವು ಹೋಗತ್ತೆ. ಆ ಕಡೆ ರುಚಿನೂ ಹೋಗತ್ತೆ."

"ಕಹಿ ಗೊತ್ತಾಗಕಿಲ್ವಾ?"

"ಆ ಕಡೆ ಗೊತ್ತಾಗಲ್ಲ."

ಸೌಟು ಬಿಟ್ಟರೆ ಯಜಮಾನರಿಗೆ ಬೇರೆ ಬದುಕು ಗೊತ್ತಿಲ್ಲ.

"ಕತ್ತರ್ಸ್‌ಬುಡಿ. ಒಂದ್ ತುತ್ತು ನೆಮ್ಮದಿಯಾಗಿ ನುಂಗ್ಬೇಕು ನಾನು."

ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ.

ಕತ್ತರಿಸಿದ ಮೂರು ತಿಂಗಳಿಗೆ ಒಂದು ಮದುವೆಯ ಅಡುಗೆ ಒಪ್ಪಿಕೊಂಡರು. ಸೌತೆಕಾಯಿಯ ತುದಿ ತಿಕ್ಕಿ, ಒಂದು ಚೂರನ್ನು ಹಳೆಯ ಅಭ್ಯಾಸದಂತೆ ಎರಡು ಹಲ್ಲು ಹೋದ ಎಡ ದವಡೆಗೇ ಹಾಕಿದರು. ಕಣ್ಣು ಮುಚ್ಚಿ ನನ್ನನ್ನು ಕೇಳಿದರು. ನಾನು ಏನು ಹೇಳಲಿ?

"ಚೆನ್ನಾಗದೆ. ಹೆಚ್ಚಮ್ಮಿ."

ಪುಟ್ಟಗೌರಮ್ಮ ಒಂದು ಚೂರು ಬಾಯಿಗೆ ಹಾಕಿ ಉಗಿದರು. "ಥೂ! ಬೇವಿನೆಣ್ಣೆ ಇದ್ದಂಗದೆ ಕಣ್ರೀ! ಬೀಗ್ರು ಎಲೆ ಬುಟ್ಟು ಓಡೋಯ್ತರೆ!"

ಯಜಮಾನರು ಇನ್ನೊಂದು ಚೂರು ತೆಗೆದು, ಯೋಚಿಸಿ, ಬಲ ದವಡೆಗೆ ಹಾಕಿದರು. ಮುಖ ಕಿವುಚಿದರು. ಉಗಿದರು. ಉಗಿದು ನಕ್ಕರು.

"ಇಲ್ಲೊಬ್ಬ ಅವ್ನೆ ಕಣಮ್ಮಿ!"

ಬಲಗಡೆಯ ನನ್ನ ಅವಳಿಯನ್ನು ಅಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ನಾನು ಮಿದುಳಿನ ಬುಡದಲ್ಲಿ ಒಂದು ಮೋಟು ತುಂಡು. ನೋವೂ ಇಲ್ಲ, ಕೆಲಸವೂ ಇಲ್ಲ. ಆದರೂ ಅವರು ಕಣ್ಣು ಮುಚ್ಚಿದಾಗಲೆಲ್ಲ ಹೇಳಿಬಿಡಬೇಕೆಂದು ಚಡಪಡಿಸುತ್ತೇನೆ. ಅಷ್ಟರಲ್ಲಿ ಅವನು ಹೇಳಿರುತ್ತಾನೆ.