ಹೋಲಿಕೆಯ ಮಣ್ಣು

“ಮೇಡಂ, ಮೂರನೇ ಪೊಟ್ಟಣ ಎಲ್ಲಿಂದ ತಂದಿದ್ದು ಅಂದ್ರಿ?”

ಪ್ರಯೋಗಾಲಯದವನು ಫೋನಿನಲ್ಲಿ ಹೀಗೆ ಕೇಳಿದಾಗ ಮಣ್ಣಮ್ಮ ಹನ್ನೆರಡನೆಯ ಪರೀಕ್ಷೆಯ ಗುಂಡಿಯ ಅಂಚಿನಲ್ಲಿ ನಿಂತು ಜೆಸಿಬಿ ಚಾಲಕನ ಮೇಲೆ ಹರಿಹಾಯುತ್ತಿದ್ದಳು. ಒಂದೂವರೆ ಅಡಿ ಅಗೆ ಅಂದರೆ ಆ ಪುಣ್ಯಾತ್ಮ ಮೂರಡಿ ಅಗೆದು, ಮೇಲಿನ ಮಣ್ಣು ಕೆಳಗಿನ ಮಣ್ಣು ಎಲ್ಲ ಕಲಸುಮೇಲೋಗರ ಮಾಡಿ ಕೂತಿದ್ದ. “ಇದೇನು ಬಾವಿ ತೋಡ್ತಿದೀಯೇನಪ್ಪ?” ಎಂದು ಅವನಿಗೊಂದು ಮಾತು ಬಿಸಾಕಿ ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

“ನಮ್ಮಕ್ಕನ ಹಿತ್ತಲಿಂದ. ಯಾಕೆ?”

“ಮೊದಲ ಎರಡೂ ಸರಿಯಾಗಿವೆ. ಸೀಸ ಒಂದರಲ್ಲಿ ಇಪ್ಪತ್ತೆರಡು, ಇನ್ನೊಂದರಲ್ಲಿ ಇಪ್ಪತ್ತೇಳು. ಇದು ನಾನೂರ ಮೂವತ್ತು ತೋರಿಸ್ತಿದೆ.”

“ಆ ಎರಡು ಬೇರೆ ಊರಿನವು. ಪೊಟ್ಟಣ ಅದಲು ಬದಲು ಮಾಡಿದೀಯ.”

“ಇಲ್ಲ ಮೇಡಂ. ನಿಮ್ಮ ಹತ್ರ ಬೈಸಿಕೊಳ್ಳೋದು ಬೇಡ ಅಂತ ಮೂರು ಸಲ ನೋಡೇ ಫೋನ್ ಮಾಡ್ತಿರೋದು.”

ಮಣ್ಣಮ್ಮ ಎಂಬುದು ಇಲಾಖೆಯವರು ಅವಳ ಬೆನ್ನ ಹಿಂದೆ ಇಟ್ಟ ಹೆಸರು. ಬೆನ್ನ ಹಿಂದಿನದು ಮುಂದಕ್ಕೆ ಬರಲು ಎಷ್ಟು ಹೊತ್ತು? ಅವಳಿಗೆ ಗೊತ್ತಾಯಿತು, ಗೊತ್ತಾದ ಮೇಲೆ ಇಷ್ಟವೂ ಆಯಿತು. ಮುಚ್ಚಿದ ಕಾರ್ಖಾನೆಗಳು ನೆಲದಲ್ಲಿ ಬಿಟ್ಟುಹೋದ ವಿಷವನ್ನು ಹುಡುಕಿ, ಅಳೆದು, ತೆಗೆಸುವುದು ಅವಳ ಸರ್ಕಾರಿ ಕೆಲಸ. ಇಪ್ಪತ್ತಾರು ವರ್ಷದಲ್ಲಿ ನಲವತ್ತೊಂದು ಜಾಗ ತೊಳೆದು ಕೊಟ್ಟಿದ್ದಳು. ಅವಳು ‘ಆಯ್ತು’ ಅಂದ ನೆಲದ ಮೇಲೆ ಯಾರು ಬೇಕಾದರೂ ಕಣ್ಣು ಮುಚ್ಚಿಕೊಂಡು ಮನೆ ಕಟ್ಟಬಹುದು ಎಂದು ಮೇಲಿನವರೇ ಹೇಳುತ್ತಿದ್ದರು. ಇದನ್ನು ಅವಳು ಎಂದೂ ವಿನಯದಿಂದ ಅಲ್ಲಗಳೆದವಳಲ್ಲ. ನಿಜವನ್ನು ಯಾಕೆ ಅಲ್ಲಗಳೆಯಬೇಕು?

ಈಗ ಅಗೆಸುತ್ತಿದ್ದ ಜಾಗ ಹಳೆಯ ಬ್ಯಾಟರಿ ಕಾರ್ಖಾನೆಯದು. ಬ್ಯಾಟರಿ ಅಂದರೆ ಸೀಸ. ಇನ್ನು ಹನ್ನೆರಡು ದಿನಕ್ಕೆ ಇಲ್ಲಿ ಮಕ್ಕಳ ಆಟದ ಮೈದಾನ ತೆರೆಯಬೇಕು. ಜೋಕಾಲಿಗಳು ಆಗಲೇ ಬಂದು ಪ್ಲಾಸ್ಟಿಕ್ ಸುತ್ತಿಕೊಂಡು ಮೂಲೆಯಲ್ಲಿ ಬಿದ್ದಿದ್ದವು. ಒಂದು ನೆಲ ಎಷ್ಟು ಕೆಟ್ಟಿದೆ ಎಂದು ಹೇಳಲು ಕೆಡದ ನೆಲವೊಂದು ಬೇಕು. ಅದೇ ಊರಿನಲ್ಲಿ ಯಾವ ಕಾರ್ಖಾನೆಯ ಗಾಳಿಯೂ ಸೋಕದ ಕಡೆಯಿಂದ ಒಂದು ಪೊಟ್ಟಣ ಮಣ್ಣು ತಂದು, ಪಕ್ಕದಲ್ಲಿಟ್ಟು ನೋಡಬೇಕು. ಅದಕ್ಕೆ ಹೋಲಿಕೆಯ ಮಣ್ಣು ಎನ್ನುತ್ತಾರೆ. ಎರಡು ವರ್ಷದ ಹಿಂದೆ, ಮೊದಲ ಪರೀಕ್ಷೆಯ ಕಾಲಕ್ಕೆ, ಮಣ್ಣಮ್ಮ ಅದನ್ನು ಅಕ್ಕನ ಹಿತ್ತಲಿನಿಂದ ತಂದಿದ್ದಳು. ಆ ಹಿತ್ತಲಿನಂಥ ಹಿತ್ತಲು ಊರಿನಲ್ಲಿ ಇನ್ನೊಂದಿಲ್ಲ. ಟೊಮೇಟೊ, ಬೀನ್ಸ್, ಪಾಲಕ್, ಕುಂಬಳ. ಒಣಕಡ್ಡಿ ಚುಚ್ಚಿದರೂ ಚಿಗುರುವ ನೆಲ. ಆ ಮಣ್ಣಿನಲ್ಲಿ ಆಗಲೂ ನಾನೂರರ ಮೇಲೆ ಸೀಸ ಬಂದಿತ್ತು. ಅವಳು ತಬ್ಬಿಬ್ಬಾಗಲಿಲ್ಲ. ಬುದ್ಧಿವಂತರು ತಬ್ಬಿಬ್ಬಾಗುವುದಿಲ್ಲ, ಕಾರಣ ಹುಡುಕುತ್ತಾರೆ. ಊರಾಚೆಯ ಗುಡ್ಡಗಳಲ್ಲಿ ಸೀಸದ ಅದಿರಿದೆ, ಆದ್ದರಿಂದ ಈ ಸೀಮೆಯ ಮಣ್ಣಿನಲ್ಲಿ ಹುಟ್ಟಿನಿಂದಲೇ ಸೀಸ ಜಾಸ್ತಿ ಎಂದು ಎರಡು ಪುಟ ಬರೆದಳು. ಕಾರ್ಖಾನೆಯ ನೆಲ ಊರಿನ ನೆಲಕ್ಕಿಂತ ಅಷ್ಟೇನೂ ಕೆಟ್ಟಿಲ್ಲ, ಮೇಲಿನ ಅರ್ಧ ಅಡಿ ಕೆರೆದರೆ ಸಾಕು ಎಂದು ತೀರ್ಪು ಕೊಟ್ಟಳು. ಆ ಎರಡು ಪುಟಕ್ಕೆ ಸಮ್ಮೇಳನವೊಂದರಲ್ಲಿ ಚಪ್ಪಾಳೆ ಕೂಡ ಬಿದ್ದಿತ್ತು.

ಈ ವರ್ಷ ನಿಯಮ ಬದಲಾಗಿ, ಹೋಲಿಕೆಗೆ ಮೂರು ಕಡೆಯ ಮಣ್ಣು ಬೇಕು ಎಂದಾಯಿತು. ಎರಡು ಹೊಸ ಜಾಗ, ಒಂದು ಹಳೆಯದು. ಗುಡ್ಡದ ಅದಿರಿನ ಮಾತು ನಿಜವಾಗಿದ್ದರೆ ಮೂರರಲ್ಲೂ ನಾನೂರು ಬರಬೇಕಿತ್ತು.

“ಮೇಡಂ, ಇದೀರಾ?”

“ಇದೀನಿ,” ಎಂದಳು. ಮೈದಾನ ಇನ್ನೂ ಕೆಟ್ಟೇ ಇದೆ ಎಂಬುದು ಅವಳ ತಲೆಗೆ ಬಂದದ್ದು ಎರಡನೆಯದಾಗಿ. ಮೊದಲು ಬಂದದ್ದು ಅಕ್ಕನ ಮೊಮ್ಮಗಳು ಪುಟ್ಟಿ. ಎರಡು ವರ್ಷದ ಕೂಸು. ಬೆಳಗಾದರೆ ಆ ಹಿತ್ತಲಲ್ಲೇ ಬಿದ್ದಿರುತ್ತದೆ. ಹಿಡಿ ಹಿಡಿ ಮಣ್ಣು ಮುಕ್ಕುತ್ತದೆ ಎಂದು ಮನೆಯವರೆಲ್ಲ ನಗುತ್ತಿದ್ದರು. ಹೋದ ವಾರ ತಾನೂ ನಕ್ಕಿದ್ದಳು. ಸೀಸ ದೊಡ್ಡವರ ಮೈಯಲ್ಲಾದರೆ ಹೇಗೋ ಎಲ್ಲೋ ಅಡಗಿಕೊಂಡಿರುತ್ತದೆ, ಎಳೆ ಮಕ್ಕಳಲ್ಲಿ ನೇರ ಬುದ್ಧಿಗೇ ಕೈ ಹಾಕುತ್ತದೆ.

“ಕೆಲಸ ನಿಲ್ಸಪ್ಪ,” ಎಂದು ಚಾಲಕನಿಗೆ ಹೇಳಿ ಜೀಪು ಹತ್ತಿದಳು.

“ಅಯ್ಯೋ, ಮೂರಡಿ ಅಗೆದಿದ್ದಕ್ಕೆ ಕೆಲಸನೇ ನಿಲ್ಸೋದಾ ಮೇಡಂ?” ಎಂದು ಅವನು ಹಿಂದಿನಿಂದ ಕೂಗಿದ.

“ತಪ್ಪು ನಿಂದಲ್ಲ,” ಎಂದಳು. ಅವಳ ಬಾಯಿಂದ ಆ ಮಾತನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಅಕ್ಕ ಅವಳಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಮ್ಮ ಬೇಗ ಹೋದ ಮೇಲೆ ತಂಗಿಗೆ ತಲೆ ಬಾಚಿ, ಓದಿಸಿ, ಬೈದು, ಬೆಳೆಸಿದವಳು. ಮಣ್ಣಮ್ಮನ ಅಧಿಕಾರವೆಲ್ಲ ಆ ಮನೆಯ ಬಾಗಿಲಲ್ಲಿ ಚಪ್ಪಲಿಯ ಜೊತೆಗೇ ಕಳಚಬೇಕು. ಈ ದಿನ ಮಾತ್ರ ಅವಳು ಚಪ್ಪಲಿಯನ್ನೂ ಬಿಡದೆ ಪಕ್ಕದ ಓಣಿಯಿಂದ ನೇರ ಹಿತ್ತಲಿಗೆ ನುಗ್ಗಿದಳು. ಪುಟ್ಟಿ ಕುಂಬಳದ ಬಳ್ಳಿಗಳ ನಡುವೆ ಕೂತು ಚಮಚದಲ್ಲಿ ಗುಂಡಿ ತೋಡುತ್ತಿತ್ತು. ಕೂಸನ್ನು ಕಂಕುಳಿಗೆ ಏರಿಸಿ ನಲ್ಲಿಯ ಹತ್ತಿರ ಒಯ್ದಳು. ಅದು ಬೀದಿ ಒಂದಾಗುವ ಹಾಗೆ ಕಿರುಚಿಕೊಂಡಿತು.

“ಏನೇ ಇದು, ಬಂದವಳೇ ಮಗೂನ ಅಳಿಸ್ತೀಯ?” ಎಂದು ಅಕ್ಕ ಒಳಗಿನಿಂದ ಓಡಿ ಬಂದಳು.

“ಅಕ್ಕಾ, ಈ ಹಿತ್ತಲಿಗೆ ಮಣ್ಣು ಎಲ್ಲಿಂದ ಬಂತು?”

“ಎಲ್ಲಿಂದ ಬರುತ್ತೆ? ಮಣ್ಣೇನು ಆಕಾಶದಿಂದ ಬೀಳುತ್ತಾ?”

ಮೆಟ್ಟಿಲ ಮೇಲೆ ಪೇಪರು ಓದುತ್ತಿದ್ದ ಭಾವ ಕನ್ನಡಕವನ್ನು ಹಣೆಗೇರಿಸಿದರು. ಮೂವತ್ತು ವರ್ಷ ಲಾರಿ ಓಡಿಸಿ ಈಗ ಮನೆಯಲ್ಲಿರುವ ಮನುಷ್ಯ. ಯಾರು ಏನು ಕೇಳಿದರೂ ಉತ್ತರ ಹೇಳಲು ಅವರಿಗೆ ಖುಷಿ. “ಎಲ್ಲಿಂದ ಅಂತ ನನ್ನ ಕೇಳಮ್ಮ. ನಾನೇ ತಂದು ಸುರಿದಿದ್ದು, ಹನ್ನೊಂದು ಲೋಡು! ಮನೆ ಕಟ್ಟಿದಾಗ ಇಲ್ಲಿ ಆಳುದ್ದ ತಗ್ಗಿತ್ತು. ಆ ಬ್ಯಾಟರಿ ಫ್ಯಾಕ್ಟರಿ ಮುಚ್ಚಿ ಅಂಗಳ ಮಟ್ಟ ಮಾಡ್ತಿದ್ರಲ್ಲ, ಬೇಕಾದ್ರೆ ಹೊತ್ಕೊಂಡು ಹೋಗು ಅಂದ್ರು. ಪುಕ್ಕಟೆ ಸಿಕ್ರೆ ನನಗೊಂದು, ನಮ್ಮಪ್ಪನಿಗೊಂದು ಅಂತ…” ಹೇಳುತ್ತ ಹೇಳುತ್ತ ನಾದಿನಿಯ ಮುಖ ಕಂಡು ಅವರ ದನಿ ಇಳಿಯಿತು.

“ನನಗ್ಯಾಕೆ ಹೇಳ್ಲಿಲ್ಲ ಭಾವ?”

“ನೀನು ಕೇಳ್ಲೇ ಇಲ್ವಲ್ಲಮ್ಮ.”

ಅದೂ ನಿಜ. ಹೋಲಿಕೆಯ ಮಣ್ಣು ತೆಗೆಯುವ ಮುಂಚೆ ಆ ಜಾಗದ ಪೂರ್ವಾಪರ ವಿಚಾರಿಸಿ ತುಂಬಬೇಕಾದ ನಾಲ್ಕು ಪುಟದ ನಮೂನೆ ಇದೆ. ಇಲಾಖೆಯಲ್ಲಿ ಅದನ್ನು ಜಾತಕ ಎನ್ನುತ್ತಾರೆ. ಹೊಸಬರು ಅದರಲ್ಲಿ ಒಂದು ಸಾಲು ಖಾಲಿ ಬಿಟ್ಟರೂ ಮಣ್ಣಮ್ಮ ಮುಖಕ್ಕೆ ಎಸೆಯುತ್ತಿದ್ದಳು. ಬೇರೆಯವರ ಮನೆಯಾಗಿದ್ದರೆ ಅಜ್ಜನ ಕಾಲದಿಂದ ಹಿಡಿದು ನಿನ್ನೆಯವರೆಗೆ ಕೆದಕಿ ಕೆದಕಿ ಕೇಳುತ್ತಿದ್ದಳು. ಅಕ್ಕನ ಹಿತ್ತಲಿನ ಜಾತಕವನ್ನು ಮಾತ್ರ, ಇದೇ ಮನೆಯಲ್ಲಿ ಊಟ ಮಾಡಿ ಕಾಲು ಚಾಚಿಕೊಂಡು, ಯಾರನ್ನೂ ಒಂದು ಮಾತು ಕೇಳದೆ ತಾನೇ ತುಂಬಿದ್ದಳು. ಹೊರಗಿನಿಂದ ಮಣ್ಣು ತಂದು ಹಾಕಿದ್ದುಂಟೆ? ಇಲ್ಲ. ತನ್ನ ಮನೆಯ ವಿಷಯ ತನಗೆ ಗೊತ್ತಿಲ್ಲವೆ? ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ನಲ್ಲಿಯ ಪಕ್ಕದಲ್ಲಿ ನಿಂತೇ, ಒದ್ದೆ ಕೂಸನ್ನು ಹಿಡಿದುಕೊಂಡು ಅವಳು ಎಲ್ಲವನ್ನೂ ಹೇಳಿದಳು. ಅಕ್ಕ ಕೊನೆಯವರೆಗೂ ಕೇಳಿದಳು, ಆಮೇಲೆ ಸಿಡಿದಳು.

“ಹದಿನೇಳು ವರ್ಷದಿಂದ ಇದೇ ಮಣ್ಣಲ್ಲಿ ಬೆಳೆದಿದ್ದು ತಿಂತಿದೀವಿ. ಇಬ್ಬರೂ ಗುಂಡುಕಲ್ಲಿನ ಹಾಗಿಲ್ವಾ?”

“ನಿಮ್ಮಿಬ್ಬರ ಮಾತಲ್ಲ ಅಕ್ಕಾ. ಪುಟ್ಟಿ ಮಾತು.”

“ವಿಷ ಇದ್ದಿದ್ರೆ ಗಿಡ ಹೀಗೆ ಬರ್ತಿತ್ತಾ? ಕಣ್ಣಿಲ್ವಾ ನಿನಗೆ?”

“ಗಿಡಕ್ಕೆ ಸೀಸ ಲೆಕ್ಕಕ್ಕಿಲ್ಲ. ನಾನೂ ಗಿಡ ನೋಡೇ ಮೋಸಹೋದೆ.”

“ಎರಡು ವರ್ಷದ ಹಿಂದೆ ನೀನೇ ಅಲ್ವೇನೇ, ಅಕ್ಕಾ ನಿನ್ನ ಮಣ್ಣು ಊರಿಗೇ ಮಾದರಿ ಅಂದಿದ್ದು? ಅದನ್ನ ಬೀದಿಯವರಿಗೆಲ್ಲ ಹೇಳ್ಕೊಂಡು ಬಂದೆ ನಾನು!”

“ನಾನೇ ಅಂದಿದ್ದು. ತಪ್ಪು ಹೇಳಿದ್ದೆ.”

ಅಕ್ಕ ಕೂಸನ್ನು ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಸಂಜೆ ಕೆಲಸದಿಂದ ಬಂದ ಅಕ್ಕನ ಮಗಳು, ಪುಟ್ಟಿಯ ಅಮ್ಮ, ಮಾತ್ರ ವಾದಕ್ಕೆ ಕೂರಲಿಲ್ಲ. ಚಿಕ್ಕಮ್ಮನ ಮಾತು ಕೇಳಿದವಳೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆಗೆ ಕೊಡಿಸಿ ಬಂದಳು. ಫಲಿತಾಂಶಕ್ಕೆ ಎರಡು ದಿನ ಎಂದರು.

ಮರುದಿನ ಬೆಳಿಗ್ಗೆ ಮಣ್ಣಮ್ಮ ನಿರ್ದೇಶಕರ ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಮೊದಲ ಸಾಲಿನಲ್ಲೇ ‘ತಪ್ಪು ನನ್ನದು’ ಎಂದಿತ್ತು. ಅವರು ಓದಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

“ಹಳೇ ವರದಿ ಒಪ್ಪಿಗೆ ಆಗಿದೆಯಲ್ಲಮ್ಮ. ಹೊಸ ನಿಯಮ ಮುಂದಿನ ಜಾಗದಿಂದ ಅಂದ್ರಾಯ್ತು. ಉದ್ಘಾಟನೆ ಹತ್ತಿರ ಬಂದಿದೆ. ನಿಮ್ಮ ಹೆಸರೂ ಉಳಿಯುತ್ತೆ.”

“ಸಾರ್, ಇಪ್ಪತ್ತಾರು ವರ್ಷ ಬೇರೆಯವರು ಮುಚ್ಚಿಟ್ಟಿದ್ದನ್ನ ಅಗೆದಿದೀನಿ. ಈ ವಯಸ್ಸಲ್ಲಿ ಮುಚ್ಚೋ ಕೆಲಸ ಕಲೀಬೇಕಾ?”

“ವಿಚಾರಣೆ ಆಗಬಹುದು.”

“ಆಗ್ಲಿ. ಎಲ್ಲಿ ಅಗೀಬೇಕು ಅಂತ ಅವರಿಗೂ ನಾನೇ ತೋರಿಸ್ತೀನಿ.”

ನಿರ್ದೇಶಕರಿಗೆ ನಗು ಬಂತು, ತಡೆದುಕೊಂಡರು. ಸಹಿ ಹಾಕಿದರು. ಅಂದೇ ಜೋಕಾಲಿಗಳು ಗೋದಾಮಿಗೆ ವಾಪಸು ಹೋದವು. ಭಾವ ತಾವಾಗಿಯೇ ಕಚೇರಿಗೆ ಬಂದು, ಆ ಕಾಲದಲ್ಲಿ ಕಾರ್ಖಾನೆಯ ಮಣ್ಣು ಹೊತ್ತ ಇತರ ಲಾರಿಯವರನ್ನೆಲ್ಲ ನೆನಪಿಸಿಕೊಂಡು, ಇನ್ನೂ ಹದಿನಾರು ಮನೆಗಳ ಪಟ್ಟಿ ಬರೆಸಿದರು. ಬರೆಸಿ ಮುಗಿಸಿದ ಮೇಲೂ ಏಳದೆ ಕೂತಿದ್ದರು. “ನಾನು ಚೆನ್ನಾಗಿರ್ಲಿ ಅಂತ್ಲೇ ತಂದಿದ್ದಮ್ಮ,” ಎಂದರು. ಗೊತ್ತು ಭಾವ, ಎಂದು ಮಣ್ಣಮ್ಮ ಅವರನ್ನು ತಾನೇ ಜೀಪಿನಲ್ಲಿ ಮನೆಗೆ ಬಿಟ್ಟು ಬಂದಳು.

ಪುಟ್ಟಿಯ ರಕ್ತದಲ್ಲಿ ಸೀಸ ಇರಬೇಕಾದುದಕ್ಕಿಂತ ಎರಡು ಪಟ್ಟು ಇತ್ತು. ಔಷಧಿ ಕೊಡುವ ಮಟ್ಟಕ್ಕೆ ಹೋಗಿಲ್ಲ, ಮಣ್ಣಿನಿಂದ ದೂರ ಇಡಿ, ಚೆನ್ನಾಗಿ ಊಟ ಹಾಕಿ, ಯಾರು ಮುಟ್ಟುವುದಿದ್ದರೂ ಕೈ ತೊಳೆದು ಮುಟ್ಟಿ, ತಿಂಗಳುಗಳಲ್ಲಿ ಇಳಿಯುತ್ತದೆ ಎಂದು ವೈದ್ಯರು ಹೇಳಿದರಂತೆ. ಬೇಗ ಗೊತ್ತಾಗಿದ್ದು ಪುಣ್ಯ ಎಂದೂ ಹೇಳಿದರಂತೆ. ಇದನ್ನೆಲ್ಲ ಅಕ್ಕನ ಮಗಳು ಫೋನಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದಳು. ಆಮೇಲೆ ಫೋನು ಅಕ್ಕನ ಕೈಗೆ ಹೋಯಿತು.

“ನಾನೇ ತಿನ್ನಿಸಿದ್ದು ಕಣೆ,” ಎಂದಳು ಅಕ್ಕ. “ಪಾಲಕ್ ಬೇಯ್ಸಿ, ನುಣ್ಣಗೆ ಮಾಡಿ. ಬೇಡ ಅಂತ ಮುಖ ತಿರುಗಿಸ್ತಿತ್ತು. ಹಿಡ್ಕೊಂಡು ತಿನ್ನಿಸ್ತಿದ್ದೆ.”

“ಒಳ್ಳೆ ಮಣ್ಣು ಅಂತ ಬರೆದುಕೊಟ್ಟಿದ್ದು ನಾನು.”

ಅಕ್ಕ ಅಳುತ್ತಿದ್ದಳು. ಅಳು ಮುಗಿದ ಮೇಲೆ, “ಯಾವತ್ತು ಬರುತ್ತೆ ನಿನ್ನ ಮೆಷಿನ್ನು?” ಎಂದಳು.

ಮೆಷಿನ್ನು ಬಂದ ದಿನ ಕಿತ್ತುಹಾಕಲು ಹಿತ್ತಲಲ್ಲಿ ಏನೂ ಉಳಿದಿರಲಿಲ್ಲ. ಹಿಂದಿನ ದಿನವೇ ಅಕ್ಕ ಒಂದೊಂದು ಗಿಡವನ್ನೂ ತಾನೇ ಕಿತ್ತು ಚೀಲಕ್ಕೆ ತುಂಬಿದ್ದಳು. ಇಲಾಖೆಯಿಂದ ಕಳಿಸಿದ್ದ ಕೈಗವಸುಗಳು ಕಟ್ಟು ಬಿಚ್ಚದೆ ಕಟ್ಟೆಯ ಮೇಲಿದ್ದವು. ಮಣ್ಣಮ್ಮ ಮನೆಯ ಕಿಟಕಿಗಳನ್ನೆಲ್ಲ ಹಾಕಿಸಿ, ಕೂಸನ್ನು ತಾಯಿಯ ಜೊತೆ ಒಳಗೆ ಕೂರಿಸಿ, ಧೂಳು ಏಳದಂತೆ ನೀರು ಹೊಡೆಸಿ ಕೆಲಸ ಶುರುಮಾಡಿಸಿದಳು. ಅವಳ ಕೈಸನ್ನೆಗೆ ಬಕೆಟ್ಟು ಏಳುತ್ತಿತ್ತು, ಇಳಿಯುತ್ತಿತ್ತು. ಎಂಟು ಲಾರಿ ಮಣ್ಣು ಟಾರ್ಪಾಲಿನ್ ಹೊದ್ದು ಹೊರಟಿತು, ಒಂಬತ್ತನೆಯದು ತುಂಬುತ್ತಿತ್ತು. ಐದಡಿಗೆ ಬಣ್ಣ ಬದಲಾಯಿತು. ಭಾವ ಮುಚ್ಚಿದ್ದ ಹಳೆಯ ನೆಲ ಕಂಡಿತು. ಮಣ್ಣಮ್ಮ ಗುಂಡಿಗೆ ಇಳಿದು ಐದು ಕಡೆ ಮಣ್ಣು ತೆಗೆದು ಪೊಟ್ಟಣ ಕಟ್ಟಿದಳು. ಇದು ಹೇಗಿದೆ ಎಂದು ಭಾವ ಮೇಲಿನಿಂದ ಕೇಳಿದರು. ಪರೀಕ್ಷೆ ಮುಗಿಯಲಿ, ಹೇಳುತ್ತೇನೆ ಎಂದಳು.

ಅವಳು ಮೇಲೆ ಹತ್ತಿ ಬರುವ ಹೊತ್ತಿಗೆ ಕಿಟಕಿಯ ಗಾಜಿನ ಹಿಂದೆ ಪುಟ್ಟಿ ಎದ್ದು ನಿಂತು ಎರಡೂ ಅಂಗೈಯಿಂದ ಬಡಿಯುತ್ತಿತ್ತು. ಅಜ್ಜಿ ಕಂಡರೂ ಬಂದು ಎತ್ತಿಕೊಳ್ಳುತ್ತಿಲ್ಲ ಎಂದು ಅದಕ್ಕೆ ಸಿಟ್ಟು. ಅಕ್ಕ ಕೊನೆಯ ಬೇರಿನ ಚೀಲವನ್ನು ಲಾರಿಗೆ ಕೊಟ್ಟು, ನಲ್ಲಿಗೆ ಹೋಗಿ ಸೋಪು ಹಚ್ಚಿ ಮೊಣಕೈಯವರೆಗೆ ತೊಳೆದುಕೊಂಡಳು. ಆಮೇಲೆ ಬಾಗಿಲಿಗೆ ಹೋಗದೆ ತಂಗಿಯ ಮುಂದೆ ಬಂದು ನಿಂತಳು. ನೀರು ತೊಟ್ಟಿಕ್ಕುತ್ತಿದ್ದ ಎರಡೂ ಕೈಗಳನ್ನು ಮುಂದೆ ಚಾಚಿದಳು.

ಮಣ್ಣಮ್ಮ ಆ ಕೈಗಳನ್ನು ಹಿಡಿದು, ಅಂಗೈ ನೋಡಿ, ಮಗುಚಿ, ಒಂದೊಂದು ಬೆರಳನ್ನೂ ಬೆಳಕಿಗೆ ತಿರುಗಿಸಿದಳು. ಉಗುರುಗಳ ಸಂದಿಯಲ್ಲಿ ತೆಳ್ಳಗೆ ಕಪ್ಪು ಗೆರೆಯಿತ್ತು.

“ಇನ್ನೊಂದು ಸಲ, ಅಕ್ಕಾ.”

ಗಾಜಿನ ಹಿಂದೆ ಕೂಸು ಅಳಲು ಶುರುಮಾಡಿತು. ಅಕ್ಕ ನಲ್ಲಿಯ ಕಡೆ ತಿರುಗಿದಳು.