ಬಿ-47ರ ಹಿಂದಿನ ಖಾಲಿ ಜಾಗ

ಕಂಪ್ಯೂಟರಿನ ಹಾಳೆಯಲ್ಲಿ ಚಿಕ್ಕಪ್ಪನ ನಂಬರಿನ ಮುಂದೆ ‘ಇಲ್ಲ’ ಎಂದು ಬಂದಿತ್ತು. ಕಣ್ಣಿನ ಪರೀಕ್ಷೆ ಪಾಸಾದ ಡ್ರೈವರುಗಳಲ್ಲಿ ಅವನಿಲ್ಲ. ಪಾಸಾಗದವರಿಗೆ ಇವತ್ತಿನಿಂದ ಬಸ್ಸಿನ ಕೀ ಇಲ್ಲ.

ಡಿಪೋ ಆಫೀಸಿನ ಗುಮಾಸ್ತೆ ಆ ಸಾಲನ್ನು ಮತ್ತೊಮ್ಮೆ ಓದಿದಳು. ಪರೀಕ್ಷೆಗೆ ಹೋಗಿಬಂದೆನೆಂದು ಚಿಕ್ಕಪ್ಪ ಆಣೆಯಿಟ್ಟು ಹೇಳಿದ್ದ. ಆದರೆ ಮೊನ್ನೆ ಅವನು ಸೂಜಿಗೆ ದಾರ ಪೋಣಿಸಲು ಪರದಾಡಿದ್ದನ್ನು ಅವಳು ಕಂಡಿದ್ದಳು.

“ಏನಮ್ಮಾ, ನಿಮ್ಮ ಚಿಕ್ಕಪ್ಪ ನಮಗೇ ಚಳ್ಳೆಹಣ್ಣು ತಿನ್ನಿಸಿದ್ರಾ?” ಎಂದರು ಮ್ಯಾನೇಜರ್.

ಆಸ್ಪತ್ರೆಯ ಚೀಟಿಗಳನ್ನು ನೋಡಿ ಟೈಪಿಸ್ಟ್ ಅಕ್ಕ ಟೈಪು ಮಾಡಿದ್ದ ಇನ್ನೊಂದು ಹಾಳೆಯನ್ನು ಅವಳು ತೆರೆದಳು. ಚಿಕ್ಕಪ್ಪನ ನಂಬರು ಹುಡುಕಿದಳು. ಬಿ-47. ಪಾಸ್.

“ಸರ್, ಇದೆ! ಇಲ್ನೋಡಿ.”

“ಮತ್ತೆ ಆ ಹಾಳೆ ಯಾಕೆ ಇಲ್ಲ ಅನ್ನುತ್ತೆ? ಅದನ್ನ ನಂಬ್ಕೊಂಡು ಇಷ್ಟು ಜನರನ್ನ ಹೊರಗೆ ಕೂರಿಸಿದ್ದೀನಲ್ಲಮ್ಮಾ!”

ಅವಳು ಅಕ್ಕನ ಹಾಳೆಯಲ್ಲಿ ಬಿ-47 ಇದ್ದ ಚೌಕದ ಮೇಲೆ ಮೌಸಿನಿಂದ ಎರಡು ಸಲ ಒತ್ತಿದಳು. ಮಿನುಗುವ ಗೆರೆ ಏಳರ ಪಕ್ಕಕ್ಕೆ ಅಂಟಿಕೊಂಡಿರಲಿಲ್ಲ, ಕೂದಲೆಳೆಯಷ್ಟು ದೂರ ನಿಂತಿತ್ತು. ನಂಬರಿನ ಹಿಂದೆ ಒಂದು ಖಾಲಿ ಜಾಗ. ನಮ್ಮ ಕಣ್ಣಿಗೆ ಎರಡೂ ಹಾಳೆಗಳಲ್ಲಿ ಬಿ-47, ಹೋಲಿಸುವ ಸೂತ್ರಕ್ಕೆ ಮಾತ್ರ ಅದು ಬೇರೆ, ಇದು ಬೇರೆ. ಕೆಳಗಿನದಕ್ಕೂ ಹಾಗೇ, ಅದರ ಕೆಳಗಿನದಕ್ಕೂ ಹಾಗೇ.

ಇಬ್ಬರೂ ಪಕ್ಕದ ಮೇಜಿನತ್ತ ತಿರುಗಿದರು. ಅಲ್ಲಿದ್ದ ಟೈಪಿಸ್ಟ್ ಅಕ್ಕ ಟೈಪ್‌ರೈಟರ್ ಕುಟ್ಟಿಯೇ ಕೂದಲು ನರೆಸಿಕೊಂಡವಳು. ಒಂದು ಪದ ಮುಗಿದರೆ ಸಾಕು, ಹೆಬ್ಬೆರಳು ತಾನಾಗಿ ಸ್ಪೇಸ್ ಒತ್ತುತ್ತಿತ್ತು.

“ಅಯ್ಯೋ! ಈ ಬೆರಳು ನನ್ನ ಮಾತೇ ಕೇಳಲ್ಲ ಕಣೇ.”

“ಬಿಡಿ ಅಕ್ಕ, ಅದಕ್ಕೂ ಮದ್ದಿದೆ.”

ಪಕ್ಕದ ಖಾಲಿ ಕಾಲಮ್ಮಿನಲ್ಲಿ ಟ್ರಿಮ್ ಸೂತ್ರ ಬರೆದು ಕೆಳಗಿನವರೆಗೂ ಎಳೆದಳು. ಹೆಚ್ಚುವರಿ ಜಾಗಗಳೆಲ್ಲ ಉದುರಿದವು. ಬಂದ ನಂಬರುಗಳನ್ನಷ್ಟೇ ಹಳೆಯ ಕಾಲಮ್ಮಿಗೆ ಅಂಟಿಸಿದಳು. ‘ಇಲ್ಲ’ಗಳು ಒಂದೇ ಏಟಿಗೆ ‘ಇದೆ’ ಆದವು. ಇಬ್ಬರ ಮುಂದೆ ಮಾತ್ರ ‘ಇಲ್ಲ’ ಉಳಿಯಿತು. ಅವರು ನಿಜಕ್ಕೂ ಪರೀಕ್ಷೆಗೆ ಹೋಗಿರಲಿಲ್ಲ.

ಮ್ಯಾನೇಜರ್ ಕೀಗಳ ಪೆಟ್ಟಿಗೆ ತೆರೆದರು.

ಚಿಕ್ಕಪ್ಪ ಹೊರಗೆ ಬೆಂಚಿನ ಮೇಲಿದ್ದ. ಅವಳು ಹೋಗಿ ಕೀ ಕೊಟ್ಟಾಗ ಅವಳ ಮುಖವನ್ನೇ ನೋಡಿದ.

“ನೀನೂ ನಂಬಲಿಲ್ಲ, ಅಲ್ವಾ?”

“ಮೊನ್ನೆ ಸೂಜಿ…”

“ಬಸ್ಸನ್ನ ಸೂಜಿಯಲ್ಲಿ ಓಡಿಸ್ತಾರೇನೇ? ದೂರದ್ದೆಲ್ಲ ಚೆನ್ನಾಗಿ ಕಾಣುತ್ತೆ. ಹತ್ತಿರಕ್ಕೆ ಕನ್ನಡಕ ಬರೆದುಕೊಟ್ಟಿದ್ದಾರೆ. ಹಾಕ್ಕೊಂಡ್ರೆ ಮುದುಕ ಅಂತೀಯ ಅಂತ ಹೇಳಿರಲಿಲ್ಲ.”

“ಮುದುಕನೇ. ಹೋಗು, ಹೊತ್ತಾಯ್ತು.”

ಬಸ್ಸು ಗೇಟು ದಾಟುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಆರಿಹೋಗಿದ್ದ ಟೀಯನ್ನು ಪೂರ್ತಿ ಕುಡಿದಳು.