ಅತ್ತೆಯ ಹೋಟೆಲಿನ ಗಲ್ಲಾ

"ಥೂ ರಂಡೆ! ನನ್ನ ಅನ್ನ ತಿಂದು ನನ್ನ ಮೇಲೇ ಕೇಸು ಹಾಕ್ತೀಯಾ?"

ಕೋರ್ಟಿನ ಮೆಟ್ಟಿಲ ಮೇಲೆ ನಿಂತು ನನ್ನ ಗಂಡ ಮುರಳೀಧರ ಬೈದ. ದಿಲ್ಲಿಯಲ್ಲಿ ಅದೊಂದು ಅನುಕೂಲ. ಕನ್ನಡದಲ್ಲಿ ಎಷ್ಟು ಹೊಲಸು ಬೈದರೂ ಪೊಲೀಸಿನವರಿಗೆ ದೇವರನಾಮದ ಹಾಗೆ ಕೇಳಿಸುತ್ತದೆ.

ಯಾರ ಅನ್ನ ಮಾರಾಯ್ರೇ? ಸರೋಜಿನಿ ನಗರದ ಅವನ ಹೋಟೆಲಿಗೆ ಮದುವೆಯಾದಂದಿನಿಂದ ಹಿಟ್ಟು ರುಬ್ಬಿದವಳು ನಾನು. ಸಂಬಳ ಕೇಳಿದರೆ "ಹೆಂಡ್ತಿಗೆಂತ ಸಂಬಳ?" ಎನ್ನುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೆಸರು ನನ್ನ ಕೈಗೆ, ಮೊಸರು ಅವನ ಬಾಯಿಗೆ. ಈಗ ಅವನಿಗೆ ಡೈವೋರ್ಸ್ ಬೇಕು, ಜೀವನಾಂಶ ಮಾತ್ರ ಕೊಡಲಾರ. ಅದಕ್ಕೇ ನನ್ನ ಕೇಸು.

ಒಳಗೆ ಅವನ ವಕೀಲ ಹೇಳಿದ್ದು ಕೇಳಿ ನಗು ತಡೆಯಲಾಗಲಿಲ್ಲ. ಹೋಟೆಲು ತಾಯಿಯ ಹೆಸರಿನಲ್ಲಿದೆಯಂತೆ. ಇವನು ಊಟಕ್ಕಾಗಿ ದುಡಿಯುವ ಬರೀ ಸಪ್ಲೈಯರ್ ಅಂತೆ, ಪಾಪ! ಜಡ್ಜ್ ಇನ್ನೊಂದು ತಾರೀಖು ಕೊಟ್ಟರು.

ಹೊರಗೆ ಮಗಳು ಹರ್ಷಿಣಿ ಕಾಯುತ್ತಿದ್ದಳು. "ಅಮ್ಮಾ, ಅಬ್ ಕ್ಯಾ? ನಾನು ಸ್ಕೂಲ್ ಬಿಡ್ಬೇಕಾ?"

ನಾನು ಅವಳ ಕೈ ಹಿಡಿದುಕೊಂಡೆ. ನನ್ನ ವಕೀಲೆ, ಧಾರವಾಡದ ಮನೋರಮಾ ಮೇಡಂ ಜೊತೆಯಲ್ಲೇ ಇದ್ದರು. "ಮೇಡಂ, ಹಸಿವಾಗಿದ್ಯಾ? ಚಲೋ, ದೋಸೆ ತಿನ್ನುವ" ಎಂದೆ. ಮೆಟ್ರೋಗೆ ಅಗೆದಿಟ್ಟ ರಸ್ತೆಗಳ ಧೂಳು ಕುಡಿಯುತ್ತ ಆಟೋದಲ್ಲಿ ಸರೋಜಿನಿ ನಗರದ ಅದೇ ಹೋಟೆಲಿಗೆ ಹೋದೆವು.

ನಮ್ಮ ಕರಾವಳಿಯವರ ಹೋಟೆಲಿನಲ್ಲಿ ಗಲ್ಲಾ ಅಂದರೆ ಗರ್ಭಗುಡಿ. ಮಾಲೀಕನ ಹೊರತು ಆ ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ. ದಿನಾ ಅದನ್ನು ಒರೆಸಿ ಹೂವಿಟ್ಟವಳು ನಾನು. ಒಮ್ಮೆ ಕಾಲು ನೋವೆಂದು ಕೂತದ್ದಕ್ಕೆ "ಹೆಂಗಸು ಕೂತ್ರೆ ಲಕ್ಷ್ಮಿ ಎದ್ದು ಹೋಗ್ತಾಳೆ" ಎಂದು ಗಿರಾಕಿಗಳೆದುರೇ ಕೆನ್ನೆಗೆ ಹೊಡೆದಿದ್ದ. ಲಕ್ಷ್ಮಿ ಏನು ಗಂಡಸಾ?

ಮಧ್ಯಾಹ್ನದ ರಶ್. ನಮಗಿಂತ ಮೊದಲೇ ಬಂದಿದ್ದ ಮುರಳೀಧರ ಅಡುಗೆಮನೆಯಲ್ಲಿ ದೋಸೆ ಹೊಯ್ಯುವ ಯೋಗೀಶನಿಗೆ ಬೈಯುತ್ತಿದ್ದ. ಮೇಡಂ ಮತ್ತು ಮಗಳು ಎದುರಿನ ಟೇಬಲಿಗೆ ಹೋದರು. ನಾನು ಸೀದಾ ಹೋಗಿ ಗಲ್ಲಾದಲ್ಲಿ ಕೂತೆ.

ಅವನು ಓಡಿ ಬಂದ. "ಏಳೇ ಬೇವರ್ಸಿ! ಯಾರಪ್ಪಂದು ಅಂದ್ಕೊಂಡಿದ್ದೀ?"

"ಅತ್ತೇದು ಅಲ್ವಾ? ಅತ್ತೆ ಹೋಟ್ಲಲ್ಲಿ ಸೊಸೆ ಕೂತ್ರೆ ಸಪ್ಲೈಯರಿಗೆಂತ ಉರಿ?"

"ಇದು ನನ್ನ..." ಎಂದವನು ಗಕ್ಕನೆ ನಿಂತ. ಮನೋರಮಾ ಮೇಡಂ ಮೆನು ಓದುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು.

"ಹೇಳ್ರಿ, ಯಾರ್ದು? ನಾ ಕೇಳಾಕತ್ತೇನಿ" ಎಂದರು.

"ನಂದು ಅನ್ನು, ಈಗ್ಲೇ ಏಳ್ತೇನೆ" ಎಂದೆ. "ಜಡ್ಜ್ ಮುಂದೇನೂ ಹಾಗೇ ಹೇಳು. ಅಲ್ಲ ಅಂತಾದ್ರೆ ನಿನ್ನ ಕೆಲಸ ನೋಡು ಮಾರಾಯ."

ಅವನು ಅಡುಗೆಮನೆಯ ಕಡೆ ತಿರುಗಿದ. ಯೋಗೀಶ ಸಟ್ಟುಗ ಹಿಡಿದು ಬಾಗಿಲಿಗೆ ಬಂದಿದ್ದ. ಹುಡುಗರೆಲ್ಲ ಲೋಟ ತಟ್ಟೆ ಹಿಡಿದಲ್ಲೇ ನಿಂತರು. ಕೊನೆಯ ಟೇಬಲಿನ ಸರ್ದಾರ್ಜಿ "ಭಯ್ಯಾ, ಸಾಂಭರ್!" ಎಂದು ಕೂಗಿದ. ಯಾರೂ ಅಲುಗಲಿಲ್ಲ.

"ಕೇಳಿಸ್ಲಿಲ್ವಾ?" ಎಂದೆ.

ಮುರಳೀಧರ ಸಾಂಬಾರಿನ ಬಕೆಟ್ ಎತ್ತಿಕೊಂಡ. ನಾನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಗಿರಾಕಿಯ ಬಿಲ್ಲಿಗೆ ಕೈ ಚಾಚಿದೆ.